ನದಿ ಸರಿ ಮಾಡೋಕೂ ಪರ್ಮಿಟ್ ಬೇಕಾ? ವಾಟರ್ ಪಾಲಿಸಿ ರಿಸರ್ಚ್ ಕೆಲಸದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ತೆ ಮೇಡಂ. ನಾನು ಸಿವಿಲ್ ಮುಗಿಸಿ ಈಗ ಅಮೆರಿಕದಲ್ಲಿ ಎನ್ವಿರಾನ್ಮೆಂಟಲ್ ಇಂಜಿನಿಯರಿಂಗ್‌ನಲ್ಲಿ ಎಂಎಸ್ ಮಾಡ್ತಿದೀನಿ. ವಾಟರ್ ಪಾಲಿಸಿ ಸೆಂಟರ್ ಒಂದರಲ್ಲಿ ರಿಸರ್ಚ್ ಅಸೋಸಿಯೇಟ್ ಪೋಸ್ಟ್ ಖಾಲಿ ಇದೆ, "ರೆಸ್ಟೊರೇಶನ್ ಪರ್ಮಿಟಿಂಗ್" ಮೇಲೆ ಕೆಲಸ ಅಂತೆ. ಹಾಳಾದ ನದಿ ಸರಿ ಮಾಡೋಕೆ ಪರ್ಮಿಟ್ ಯಾಕೆ ಅಂತಾನೇ ನಂಗೆ ಅರ್ಥ ಆಗ್ಲಿಲ್ಲ. ಇಂಥ ಕೆಲಸದಲ್ಲಿ ದಿನಾ ಏನ್ ಮಾಡ್ತಾರೆ? ಪಿಎಚ್‌ಡಿ ಬೇಕೇ ಬೇಕಾ? ಮಾಡೆಲಿಂಗ್ ಚೆನ್ನಾಗಿ ಬರುತ್ತೆ, ಕಾನೂನು ಮಾತ್ರ ಏನೂ ಗೊತ್ತಿಲ್ಲ.

ಉತ್ತರ: ನಮಸ್ತೆ. ಮೊದಲು ಪರ್ಮಿಟ್ ಯಾಕೆ ಅನ್ನೋದು ಹೇಳ್ಬಿಡ್ತೀನಿ, ಅದು ಗೊತ್ತಾದ್ರೆ ಉಳಿದಿದ್ದು ತಾನಾಗೇ ಅರ್ಥ ಆಗುತ್ತೆ. ಅಲ್ಲಿ 1972ರ ಕ್ಲೀನ್ ವಾಟರ್ ಆ್ಯಕ್ಟ್ ಇದೆಯಲ್ಲ, ಅದರ 404ನೇ ಸೆಕ್ಷನ್ ಪ್ರಕಾರ ನದಿಗೋ ಜೌಗು ಪ್ರದೇಶಕ್ಕೋ ಮಣ್ಣು ಕಲ್ಲು ಸುರೀಬೇಕು ಅಂದ್ರೆ ಆರ್ಮಿ ಕೋರ್ ಆಫ್ ಇಂಜಿನಿಯರ್ಸ್ (ಅಮೆರಿಕದ ಸೇನೆಯ ಇಂಜಿನಿಯರಿಂಗ್ ವಿಭಾಗ) ಹತ್ರ ಪರ್ಮಿಟ್ ತಗೋಬೇಕು. ಮಾಲ್ ಕಟ್ಟೋಕೆ ಸುರಿದ್ರೂ ಅಷ್ಟೆ, ಸಾಲ್ಮನ್ ಮೀನು ಮೊಟ್ಟೆ ಇಡ್ಲಿ ಅಂತ ಜಲ್ಲಿಕಲ್ಲು ಸುರಿದ್ರೂ ಅಷ್ಟೆ, ಹೋಗಿ ನಿಲ್ಲೋ ಬಾಗಿಲು ಒಂದೇ. ಅದರ ಮೇಲೆ 401ನೇ ಸೆಕ್ಷನ್ನಿನ ಪ್ರಕಾರ ರಾಜ್ಯದ ಕಡೆಯಿಂದ ನೀರಿನ ಗುಣಮಟ್ಟದ ಸರ್ಟಿಫಿಕೇಟು, ಅಳಿವಿನ ಅಂಚಿನ ಜೀವಿಗಳಿದ್ರೆ 1973ರ ಕಾಯ್ದೆ ಪ್ರಕಾರ ಇನ್ನೊಂದು ಇಲಾಖೆ ಜೊತೆ ಸಮಾಲೋಚನೆ, ಕ್ಯಾಲಿಫೋರ್ನಿಯಾ ಆದ್ರೆ ಹೊಳೆ ಪಾತ್ರ ಮುಟ್ಟೋಕೆ ಮತ್ತೊಂದು ಒಪ್ಪಂದ. ಈ ಕಾನೂನುಗಳೆಲ್ಲ ಹಾಳು ಮಾಡೋರನ್ನ ತಡೆಯೋಕೆ ಬಂದಿದ್ದು, ಸರಿ ಮಾಡೋಕೆ ಬರೋರೂ ಅದೇ ಬಲೆಗೆ ಬೀಳ್ತಾರೆ.

ಇದನ್ನ ಸುಲಭ ಮಾಡೋ ಪ್ರಯತ್ನಗಳೂ ಆಗಿವೆ. ಆರ್ಮಿ ಕೋರ್‌ನ ನೇಷನ್‌ವೈಡ್ ಪರ್ಮಿಟ್ 27, ಅಂದ್ರೆ ಒಂದು ಬಗೆಯ ಕೆಲಸಕ್ಕೆಲ್ಲ ಮೊದಲೇ ಸಿದ್ಧ ಮಾಡಿಟ್ಟ ಪರ್ಮಿಟ್, ಇರೋದೇ ಜಲ ಆವಾಸಗಳ ಪುನಶ್ಚೇತನಕ್ಕೆ. ಕ್ಯಾಲಿಫೋರ್ನಿಯಾ 2021ರಲ್ಲಿ ಇಂಥ ಪ್ರಾಜೆಕ್ಟ್‌ಗಳಿಗೆ ತನ್ನ ಪರಿಸರ ಪರಿಶೀಲನಾ ಕಾಯ್ದೆಯಿಂದ ವಿನಾಯಿತಿ ಕೊಡೋ ದಾರಿ ಮಾಡ್ತು, 2022ರಲ್ಲಿ ಅಲ್ಲಿನ ವಾಟರ್ ಬೋರ್ಡ್ ಇಡೀ ರಾಜ್ಯಕ್ಕೆ ಅನ್ವಯಿಸೋ ಒಂದು ಜನರಲ್ ಆರ್ಡರ್ (ಇಂಥ ಪ್ರಾಜೆಕ್ಟ್‌ಗಳಿಗೆಲ್ಲ ಒಟ್ಟಿಗೆ ಅನ್ವಯಿಸೋ ಅನುಮತಿ) ಹೊರಡಿಸ್ತು. ರಿಸರ್ಚ್‌ನೋರ ಕೆಲಸ ಶುರುವಾಗೋದು ಇಲ್ಲಿಂದ: ಈ ಹೊಸ ದಾರಿಯಿಂದ ನಿಜವಾಗ್ಲೂ ಟೈಮ್ ಉಳೀತಾ? ಹೊಸ ದಾರಿಯ ಸರಾಸರಿ, ಹಳೇ ದಾರಿಯ ಸರಾಸರಿ ತೆಗೆದು ಹೋಲಿಸಿದ್ರೆ ಆಯ್ತಲ್ಲ ಅನ್ಸುತ್ತೆ. ಆದ್ರೆ ತಕರಾರಿಲ್ಲದ ಚಿಕ್ಕ ಪ್ರಾಜೆಕ್ಟ್‌ಗಳು ತಾವಾಗೇ ಹೊಸ ದಾರಿ ಹಿಡಿದಿರ್ತವೆ, ಗೋಜಲು ಇರೋವು ಹಳೇ ದಾರೀಲೇ ಉಳಿದಿರ್ತವೆ, ಹಾಗಾಗಿ ಆ ಸರಾಸರಿ ನಂಬೋ ಹಾಗಿಲ್ಲ.

ದಿನದ ಕೆಲಸ ಅಂದ್ರೆ, ನಿಜ ಹೇಳ್ಬೇಕಂದ್ರೆ, ಫೈಲ್ ಓದೋದು. ಅರ್ಜಿ ಹಾಕಿದ ದಿನ ಯಾವುದು, "ಅರ್ಜಿ ಪೂರ್ಣ" ಅಂತ ಇಲಾಖೆ ಒಪ್ಪಿದ ದಿನ ಯಾವುದು, ಪರ್ಮಿಟ್ ಸಿಕ್ಕಿದ್ದು ಯಾವತ್ತು, ಜೆಸಿಬಿ ಇಳಿದಿದ್ದು ಯಾವತ್ತು, ಎಲ್ಲ ಬೇರೆ ಬೇರೆ ಕಾಲಮ್ಮು. ಮೊದಲ ಎರಡು ದಿನಾಂಕದ ನಡುವೆ ಎಷ್ಟು ಸಮಯ ಹೋಗುತ್ತೆ ಅನ್ನೋದು ಇಲಾಖೆಯ ವಾರ್ಷಿಕ ವರದೀಲಿ ಸಾಮಾನ್ಯವಾಗಿ ಕಾಣಲ್ಲ, ಯಾಕಂದ್ರೆ ಅವರ ಗಡಿಯಾರ ಓಡೋಕೆ ಶುರುವಾಗೋದೇ ಎರಡನೇ ದಿನಾಂಕದಿಂದ. ಇನ್ನೊಂದು ವಿಷಯ, ನೀರಿಗೆ ಇಳಿದು ಕೆಲಸ ಮಾಡೋಕೆ ಸಾಮಾನ್ಯವಾಗಿ ಮೀನಿಗೆ ತೊಂದರೆ ಆಗದ ಕೆಲವೇ ತಿಂಗಳು ಬಿಡ್ತಾರೆ, ಪರ್ಮಿಟ್ ಅದಕ್ಕೆ ಎರಡು ವಾರ ಲೇಟಾಗಿ ಬಂತು ಅಂದ್ರೆ ಇಡೀ ಒಂದು ವರ್ಷ ಕಾಯ್ಬೇಕು. ಹಾಳೆ ಮೇಲೆ ಎರಡು ವಾರ, ನದೀಲಿ ಒಂದು ವರ್ಷ.

ಪ್ರಶ್ನೆ (ಇನ್ನೊಬ್ಬರು): ಮಧ್ಯೆ ಬಾಯಿ ಹಾಕ್ತಿದೀನಿ ಮೇಡಂ. ಇದೆಲ್ಲ ಡೇಟಾ ಎಂಟ್ರಿ ಅಲ್ವಾ? ಈಗ ಎಐಗೆ ಕೊಟ್ರೆ ಫೈಲ್ ಓದಿ ದಿನಾಂಕ ತೆಗೆದು ಕೊಡಲ್ವಾ?

ಉತ್ತರ: ದಿನಾಂಕ ತೆಗೆದು ಕೊಡುತ್ತೆ, ಆ ದಿನಾಂಕದ ಅರ್ಥ ಏನು ಅಂತ ನೀವೇ ಕಂಡುಕೊಳ್ಬೇಕು. ಆರೆಗಾನ್, ಕ್ಯಾಲಿಫೋರ್ನಿಯಾದಲ್ಲಿ ಹರಿಯೋ ಕ್ಲಾಮತ್ ನದಿ ತಗೊಳ್ಳಿ. ಅಲ್ಲಿನ ಡ್ಯಾಂಗಳ ಲೈಸೆನ್ಸ್ ವಿಚಾರದಲ್ಲಿ 401ರ ಸರ್ಟಿಫಿಕೇಟ್ ಬೇಕಿತ್ತು. ರಾಜ್ಯ ಒಂದು ವರ್ಷದೊಳಗೆ ಹೂಂ ಅಥವಾ ಊಹೂಂ ಅನ್ನದಿದ್ರೆ ಅದರ ಹಕ್ಕು ಹೋಗುತ್ತೆ ಅನ್ನೋದು ಕಾನೂನು. ಏನ್ ಮಾಡಿದ್ರು ಅಂದ್ರೆ, ಡ್ಯಾಂ ನಡೆಸ್ತಿದ್ದ ಕಂಪನಿಯೋರೂ ರಾಜ್ಯದೋರೂ ಒಪ್ಪಂದ ಮಾಡ್ಕೊಂಡು, ವರ್ಷ ತುಂಬೋ ಮುಂಚೆ ಅರ್ಜಿ ವಾಪಸ್ ತಗೊಳ್ಳೋದು, ಅದನ್ನೇ ತಿರುಗಿ ಹಾಕೋದು, ಹೀಗೆ ವರ್ಷಾ ವರ್ಷಾ ನಡೀತು. ಹೂಪಾ ವ್ಯಾಲಿ ಬುಡಕಟ್ಟಿನವರು ಕೋರ್ಟಿಗೆ ಹೋದ್ರು, 2019ರಲ್ಲಿ ಡಿಸಿ ಸರ್ಕ್ಯೂಟ್ ಕೋರ್ಟು (ವಾಷಿಂಗ್ಟನ್ ಡಿಸಿಯ ಫೆಡರಲ್ ಮೇಲ್ಮನವಿ ಕೋರ್ಟು) ಈ ಆಟ ನಡೆಯಲ್ಲ ಅಂತು. ಈಗ ಹೇಳಿ, ಆ ಫೈಲುಗಳನ್ನ ಸುಮ್ನೆ ಟೇಬಲ್‌ಗೆ ಹಾಕಿದ್ರೆ ಏನ್ ಕಾಣುತ್ತೆ? ವರ್ಷ ಮೀರದ ಹತ್ತಾರು ಅರ್ಜಿಗಳು, ಎಲ್ಲಾ ಟೈಮಿಗೆ ಸರಿಯಾಗಿ. ಎಲ್ಲಾ ಒಂದೇ ಅರ್ಜಿ ಅಂತ ಗೊತ್ತಾಗೋದು ಪತ್ರಗಳನ್ನ ಓದಿದೋರಿಗೆ, ಇಲ್ಲಾ ಇಲಾಖೇಲಿ ಕೂತಿರೋರ ಜೊತೆ ಮಾತಾಡಿದೋರಿಗೆ. ನದಿ ಸರಿ ಮಾಡೋಕೆ ಅಂತ ಅಲ್ಲಿನ ನಾಲ್ಕು ಡ್ಯಾಂ ಒಡೆದು ಮುಗಿದಿದ್ದು 2024ರಲ್ಲಿ, ಒಡೆಯೋಣ ಅನ್ನೋ ಒಪ್ಪಂದ ಆಗಿದ್ದು 2010ರಲ್ಲಿ.

ಹಾಗಂತ ಎಲ್ಲಾ ತಡಾನೂ ಪರ್ಮಿಟ್ ತಲೆಗೆ ಕಟ್ಟೋದು ಈಗ ಒಂಥರಾ ಫ್ಯಾಶನ್ ಆಗಿದೆ, ನಂಗೆ ಅದು ಒಪ್ಪಿಗೆ ಇಲ್ಲ. ವಾಷಿಂಗ್ಟನ್ ರಾಜ್ಯದ ಎಲ್ವಾ ನದಿ ವಿಷಯದಲ್ಲಿ ಕಾಂಗ್ರೆಸ್ ಕಾಯ್ದೆ ಮಾಡಿದ್ದು 1992, ಡ್ಯಾಂ ಒಡೆಯೋಕೆ ಶುರು ಮಾಡಿದ್ದು 2011. ನಡುವೆ ಆ ಡ್ಯಾಂಗಳನ್ನ ಸರ್ಕಾರ ಕೊಂಡುಕೊಳ್ಬೇಕಿತ್ತು, ಅದು ಆಗಿದ್ದೇ 2000ದಲ್ಲಿ. ಒಡೆದ ಮೇಲೆ ಹೂಳು ಬರುತ್ತಲ್ಲ, ಕೆಳಗಿನ ಊರಿನ ಕುಡಿಯೋ ನೀರಿಗೆ ಮೊದಲೇ ಶುದ್ಧೀಕರಣ ಘಟಕ ಕಟ್ಟಬೇಕಿತ್ತು. ದುಡ್ಡು, ಜಾಗ, ಕೆಳಗಿನೋರ ಭಯ, ಇವೆಲ್ಲ ಪರ್ಮಿಟ್ ಫೈಲಲ್ಲಿ ಪೂರ್ತಿ ಸಿಗಲ್ಲ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಪಿಎಚ್‌ಡಿ ವಿಷಯ ಹೇಳ್ಲಿಲ್ಲ ನೀವು. ಇಲಾಖೆ ಕೆಲಸಕ್ಕೇ ನೇರವಾಗಿ ಟ್ರೈ ಮಾಡ್ಲಾ?

ಉತ್ತರ: ಹೌದಲ್ಲ, ಮರೆತೆ. ಅಸೋಸಿಯೇಟ್ ಪೋಸ್ಟ್‌ಗೆ ಸಾಮಾನ್ಯವಾಗಿ ಮಾಸ್ಟರ್ಸ್ ಸಾಕು. ಸ್ವಂತ ಪ್ರಶ್ನೆ ಇಟ್ಕೊಂಡು ಗ್ರಾಂಟ್ ತಂದು ಟೀಮ್ ನಡೆಸ್ಬೇಕು ಅಂದ್ರೆ ಆಗ ಪಿಎಚ್‌ಡಿ ಬೇಕಾಗುತ್ತೆ, ಅದನ್ನ ಎರಡು ಮೂರು ವರ್ಷ ಕೆಲಸ ಮಾಡಿ ಆಮೇಲೆ ಯೋಚಿಸಿ, ಒಳ್ಳೇ ಪ್ರಶ್ನೆ ಕೈಲಿಟ್ಕೊಂಡು ಹೋಗ್ತೀರ. ಫೆಡರಲ್ ಇಲಾಖೆಗಳು ಬಹುತೇಕ ಸಿಟಿಜನ್ಸ್‌ಗೇ ಕೊಡೋದು, ವೀಸಾದಲ್ಲಿ ಇರೋರಿಗೆ ಯೂನಿವರ್ಸಿಟಿ, ಥಿಂಕ್ ಟ್ಯಾಂಕ್, ಪರ್ಮಿಟ್ ಅರ್ಜಿ ತಯಾರು ಮಾಡಿಕೊಡೋ ಕನ್ಸಲ್ಟಿಂಗ್ ಕಂಪನಿ, ಇವು ದಾರಿ. ನನ್ನ ಕೇಳಿದ್ರೆ ಕನ್ಸಲ್ಟಿಂಗ್‌ನಲ್ಲಿ ಸ್ವಲ್ಪ ದಿನ ಇದ್ದು ಬಂದೋರು ರಿಸರ್ಚ್‌ನಲ್ಲಿ ಬೇಗ ಮೇಲೆ ಬರ್ತಾರೆ, ಅರ್ಜಿ ಎಲ್ಲೆಲ್ಲಿ ಸಿಕ್ಕಾಕ್ಕೊಳುತ್ತೆ ಅಂತ ಅವರಿಗೆ ಗೊತ್ತಿರುತ್ತೆ.

ಮಾಡೆಲಿಂಗ್ ಬರೋದು ಒಳ್ಳೇದೇ, ಆರ್ (R, ಅಂಕಿಅಂಶ ವಿಶ್ಲೇಷಣೆಯ ಸಾಫ್ಟ್‌ವೇರ್) ಮತ್ತೆ ಜಿಐಎಸ್ (ಮ್ಯಾಪ್ ಡೇಟಾ ಸಾಫ್ಟ್‌ವೇರ್) ಕೂಡ ಇರ್ಲಿ. ಕಾನೂನಿಗೆ ಡಿಗ್ರಿ ಬೇಡ, ಆದ್ರೆ ಕಾಯ್ದೆಯ ಮೂಲ ಪಠ್ಯ ಓದೋ ಅಭ್ಯಾಸ ಬೇಕು. 2023ರ ಸ್ಯಾಕೆಟ್ ತೀರ್ಪಿಂದ ಶುರು ಮಾಡಿ, ಯಾವ ಜೌಗು ಪ್ರದೇಶ ಫೆಡರಲ್ ಕಾನೂನಿನ ಕೆಳಗೆ ಬರುತ್ತೆ ಅನ್ನೋದನ್ನೇ ಸುಪ್ರೀಂ ಕೋರ್ಟ್ ಅದರಲ್ಲಿ ಬದಲಾಯಿಸಿಬಿಡ್ತು, 404 ಓದೋದಾದ್ರೆ ಅದನ್ನ ಬಿಟ್ಟು ಓದೋಕಾಗಲ್ಲ. ಆ ಪೋಸ್ಟ್‌ನಲ್ಲಿ ರೈಟಿಂಗ್ ಸ್ಯಾಂಪಲ್ ಕೇಳಿದ್ರೆ ಥೀಸಿಸ್‌ನ ಅಧ್ಯಾಯ ಕಳಿಸ್ಬೇಡಿ. ಒಂದೇ ಒಂದು ಪ್ರಾಜೆಕ್ಟ್ ತಗೊಂಡು, ಅದರ ಸಾರ್ವಜನಿಕ ದಾಖಲೆ ಓದಿ, ಟೈಮ್ ಎಲ್ಲಿ ಹೋಯ್ತು ಅಂತ ಎರಡು ಪುಟ ಬರೆದು ಕಳಿಸಿ. ಕಳಿಸೋ ಮುಂಚೆ ಬೇಕಿದ್ರೆ ಇಲ್ಲೇ ಹಾಕಿ, ಟೈಮ್ ಸಿಕ್ಕಾಗ ನೋಡ್ತೀನಿ.