ಸಹಾಯ ಬೇಕು: ಜುಬೈಲ್‌ನಲ್ಲಿ ತಮ್ಮನ ಇಕಾಮಾ (ವಾಸದ ಪರವಾನಗಿ) ಅವಧಿ ಮುಗಿದಿದೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಸೌದಿಯ ಜುಬೈಲ್‌ನಲ್ಲಿ ಒಂದು ಗುತ್ತಿಗೆ ಕಂಪನಿಯಲ್ಲಿ ವೆಲ್ಡರ್. ಇಕಾಮಾ ಅವಧಿ ಮುಗಿದು ತಿಂಗಳುಗಳೇ ಆದವು. ನವೀಕರಿಸಬೇಕಾದದ್ದು ಕಂಪನಿ, ಕೇಳಿದಾಗಲೆಲ್ಲ "ಬರುವ ವಾರ" ಅನ್ನುತ್ತಾರೆ. ಬ್ಯಾಂಕ್ ಖಾತೆ ಬ್ಲಾಕ್ ಆಗಿ ಅವನದೇ ಸಂಬಳದ ದುಡ್ಡು ತೆಗೆಯಲು ಆಗುತ್ತಿಲ್ಲ. ಚೆಕಿಂಗ್ ಭಯಕ್ಕೆ ಹೊರಗೆ ಕಾಲಿಡುವುದಿಲ್ಲ. ಊಟ ರೂಮ್‌ಮೇಟ್‌ಗಳು ತಂದುಕೊಟ್ಟದ್ದು, ಅವರ ಋಣ ದೊಡ್ಡದು.

ಇಕಾಮಾ ಮುಗಿದಿದ್ದರೆ ಕಫೀಲನ (ವೀಸಾ ಕೊಟ್ಟ ಮಾಲೀಕನ) ಒಪ್ಪಿಗೆ ಇಲ್ಲದೆಯೂ ಬೇರೆ ಕಂಪನಿಗೆ ಬದಲಾಗಲು 2021ರಿಂದ ಅವಕಾಶವಿದೆ. ಆದರೆ ಅವನಿಗೆ ಊರಿಗೆ ಬಂದರೆ ಸಾಕಾಗಿದೆ, ಅಮ್ಮನೂ ಅದನ್ನೇ ಹೇಳುತ್ತಾರೆ. ವಿದೇಶದಲ್ಲಿರುವ ಭಾರತೀಯರ ದೂರಿಗೆಂದು ನಮ್ಮ ಸರ್ಕಾರ ಮಾಡಿರುವ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿದ್ದೇವೆ. ರಿಯಾದ್‌ನ ನಮ್ಮ ರಾಯಭಾರ ಕಚೇರಿಯ ಮೂಲಕ ಫೈನಲ್ ಎಕ್ಸಿಟ್ (ಕೆಲಸ ಮುಗಿಸಿ ದೇಶ ಬಿಡುವ ಅನುಮತಿ) ಪಡೆದು ಬಂದವರು ಇಲ್ಲಿದ್ದೀರಾ? ಯಾವ್ಯಾವ ಕಾಗದ ಕೇಳಿದರು? ಖುದ್ದಾಗಿ ಹೋಗಬೇಕಾಯಿತೇ? ಕಂಪನಿಯವರು ಓಡಿಹೋಗಿದ್ದಾನೆ ಎಂದು 'ಹುರೂಬ್' ದೂರು ಹಾಕಿಬಿಟ್ಟರೆ ಇನ್ನೂ ಕಷ್ಟ, ಅದಕ್ಕೇ ಈ ಅವಸರ.

ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರ ನಂಬರ್ ದಯವಿಟ್ಟು ಬೇಡ. ದಮ್ಮಾಮ್, ಜುಬೈಲ್ ಕಡೆಯ ಕನ್ನಡಿಗರು, ತುಳುವರು ಯಾರಾದರೂ ಅವನ ಜೊತೆ ಒಮ್ಮೆ ಮಾತಾಡಿದರೂ ದೊಡ್ಡ ಉಪಕಾರ. ಇನ್‌ಬಾಕ್ಸ್ ಮಾಡಿ, ಅವನ ನಂಬರ್ ಕೊಡುತ್ತೇನೆ.