ರಾಜಿ ಕೋಶಕ್ಕೆ ಟಿಪಿಎ ಕೊಟ್ಟರೂ ಬಿಝಡ್‌ಎಲ್‌ಎಫ್1 ಎರಡು ಪಟ್ಟೂ ಏರುತ್ತಿಲ್ಲ

ಕೋಶಗಾರ
ರಾಜಿ ಕೋಶಗಳಲ್ಲಿ (ಬರ್ಕಿಟ್ ಲಿಂಫೋಮಾ ಎಂಬ ಕ್ಯಾನ್ಸರ್‌ನಿಂದ ಬೆಳೆಸಿದ ಕೋಶಗಳು) ಸುಪ್ತವಾಗಿರುವ ಎಪ್ಸ್ಟೀನ್-ಬಾರ್ ವೈರಸ್‌ನ ಜೀನ್‌ಗಳ ಮೇಲೆ ಟಿಪಿಎ ಎಂಬ ಫೋರ್ಬಾಲ್ ಎಸ್ಟರ್‌ನ ಪರಿಣಾಮ ನೋಡಬೇಕಿದೆ. ಆರ್‌ಪಿಎಂಐ 1640 ಮೀಡಿಯಂ, ಶೇ. 10 ಸೀರಂ, ಮಿ.ಲೀ.ಗೆ 5 ಲಕ್ಷ ಕೋಶ. ಟಿಪಿಎ 20 ನ್ಯಾನೋಗ್ರಾಂ/ಮಿ.ಲೀ., ಜೊತೆಗೆ ಸೋಡಿಯಂ ಬ್ಯುಟಿರೇಟ್ 3 ಮಿಲಿಮೋಲಾರ್, 48 ಗಂಟೆ. ಟಿಪಿಎ ಸ್ಟಾಕ್ ಡಿಎಂಎಸ್‌ಓ ದ್ರಾವಕದಲ್ಲಿ 1 ಮಿ.ಗ್ರಾಂ/ಮಿ.ಲೀ. ಅದನ್ನು ಪಿಬಿಎಸ್ ಉಪ್ಪುದ್ರಾವಣದಲ್ಲಿ 50 ಪಟ್ಟು ತೆಳುಮಾಡಿ ಫ್ರಿಜ್‌ನಲ್ಲಿಟ್ಟು ಎರಡು ವಾರದಿಂದ ಅದನ್ನೇ ಬಳಸುತ್ತಿದ್ದೇನೆ.

ಫಲಿತಾಂಶ: ಸುಪ್ತ ವೈರಸ್ಸನ್ನು ಎಬ್ಬಿಸುವ ಬಿಝಡ್‌ಎಲ್‌ಎಫ್1 ಜೀನ್‌ನ ಕ್ಯೂಪಿಸಿಆರ್ ಸಿಟಿ (ಸಿಗ್ನಲ್ ಕಾಣಲು ಬೇಕಾದ ಸೈಕಲ್ ಸಂಖ್ಯೆ, ಒಂದು ಕಡಿಮೆಯಾದರೆ ಎರಡು ಪಟ್ಟು ಹೆಚ್ಚು) ಕಂಟ್ರೋಲ್‌ನಲ್ಲಿ 27.1, ಟಿಪಿಎ ಕೊಟ್ಟದ್ದರಲ್ಲಿ 26.2. ಹೋಲಿಕೆಗಿಟ್ಟ ಉಲ್ಲೇಖ ಜೀನ್ ಜಿಎಪಿಡಿಎಚ್ ಎರಡರಲ್ಲೂ ಒಂದೇ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ಪರೀಕ್ಷೆ) ಬಿಝಡ್‌ಎಲ್‌ಎಫ್1ರಿಂದ ಬರುವ ಝೀಬ್ರಾ ಪ್ರೋಟೀನ್ ಮಸುಕು. ವೈರಸ್‌ನ ಹೊರಕವಚದ ಪ್ರೋಟೀನ್ ಜಿಪಿ350 ಸುಳಿವೇ ಇಲ್ಲ. ಎಲ್ಲಿ ತಪ್ಪಿದೆ?

ಪಿಪೆಟ್‌ಪುರಾಣ
ಮೊದಲು ಆ ಫ್ರಿಜ್‌ನ ಟ್ಯೂಬನ್ನು ವಿಲೇವಾರಿ ಮಾಡಿ. ಟಿಪಿಎ ಎಣ್ಣೆಯ ಸ್ವಭಾವದ ಅಣು. ನೀರಿನಂಶದ ದ್ರಾವಣದಲ್ಲಿಟ್ಟರೆ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಳ್ಳುತ್ತದೆ, ಜೊತೆಗೆ ನಿಧಾನವಾಗಿ ಕೆಡುತ್ತದೆ. ಎರಡು ವಾರದ ಮೇಲೆ ಕೋಶಕ್ಕೆ ಹೋದದ್ದು 20 ನ್ಯಾನೋಗ್ರಾಂ ಅಂತ ಯಾರೂ ಹೇಳಲಾರರು.

ಮಧ್ಯದ ದ್ರಾವಣವನ್ನೂ ಡಿಎಂಎಸ್‌ಓನಲ್ಲೇ ಮಾಡಿ: 1 ಮಿ.ಗ್ರಾಂ/ಮಿ.ಲೀ. ಸ್ಟಾಕ್‌ನ 2 ಮೈಕ್ರೋಲೀಟರ್, ಡಿಎಂಎಸ್‌ಓ 98 ಮೈಕ್ರೋಲೀಟರ್. ಅದು 20 ಮೈಕ್ರೋಗ್ರಾಂ/ಮಿ.ಲೀ. ಇದರ 1 ಮೈಕ್ರೋಲೀಟರ್ ಪ್ರತಿ ಮಿ.ಲೀ. ಮೀಡಿಯಂಗೆ. ಅಣುಭಾರ 616.8, ಹಾಗಾಗಿ ಅಂತಿಮವಾಗಿ ಸುಮಾರು 32 ನ್ಯಾನೋಮೋಲಾರ್, ಡಿಎಂಎಸ್‌ಓ ಶೇ. 0.1. ಕಂಟ್ರೋಲ್‌ಗೂ ಅಷ್ಟೇ ಡಿಎಂಎಸ್‌ಓ ಹಾಕಿ. ಬರೀ ಮೀಡಿಯಂ ಕಂಟ್ರೋಲ್ ಆಗುವುದಿಲ್ಲ. ಸ್ಟಾಕನ್ನು ಒಂದೊಂದು ಬಾರಿಗಾಗುವಷ್ಟು ಹಂಚಿ, ಬೆಳಕು ಬೀಳದಂತೆ ಮೈನಸ್ 20ರಲ್ಲಿಡಿ.

ಕೈಗವಸು ಮರೆಯಬೇಡಿ. ಇದು ಜಾಪಾಳದ ಎಣ್ಣೆಯಲ್ಲಿರುವ ವಸ್ತು, ಚರ್ಮ ಸುಡುತ್ತದೆ. ಡಿಎಂಎಸ್‌ಓ ಅದನ್ನು ಚರ್ಮದೊಳಗೆ ಇನ್ನೂ ಸಲೀಸಾಗಿ ಇಳಿಸುತ್ತದೆ.

ಸಿಟಿ_ಮೂವತ್ತೆರಡು
ಟಿಪಿಎ ಸರಿಹೋದರೂ ನಿಮ್ಮ ಕ್ಯೂಪಿಸಿಆರ್ ಸುಳ್ಳು ಹೇಳಬಹುದು. ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಎಂಜೈಮ್, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್, ಹಾಕದ ಕಂಟ್ರೋಲ್ ಎಷ್ಟು ಬಂತು? ಪ್ರೈಮರ್ ಎಕ್ಸಾನ್ (ಎಂಆರ್‌ಎನ್‌ಎಯಲ್ಲಿ ಉಳಿಯುವ ಜೀನ್ ತುಣುಕು) ಗಡಿ ದಾಟುತ್ತದೆಯೇ?

ಕೋಶಗಾರ
ಎಂಜೈಮ್ ಇಲ್ಲದ್ದು ಎರಡರಲ್ಲೂ 27.6. ಪ್ರೈಮರ್ ಜೋಡಿ ಒಂದೇ ಎಕ್ಸಾನ್ ಒಳಗಿದೆ. ಡಿಎನ್‌ಏಸ್ (ಡಿಎನ್‌ಎ ಕತ್ತರಿಸುವ ಎಂಜೈಮ್) ಮಾಡಿಲ್ಲ.

ಸಿಟಿ_ಮೂವತ್ತೆರಡು
ಸಿಕ್ಕಿಬಿದ್ದ ಕಳ್ಳ. ರಾಜಿಯ ಪ್ರತಿ ಕೋಶದಲ್ಲಿ 50-60 ವೈರಲ್ ಜೀನೋಮ್ ಪ್ರತಿಗಳಿವೆ. ಆರ್‌ಎನ್‌ಎ ತೆಗೆಯುವಾಗ ಜಾರಿಬಂದ ಡಿಎನ್‌ಎ ಎರಡೂ ಸ್ಯಾಂಪಲ್‌ಗಳಲ್ಲಿ ಒಂದೇ ಎತ್ತರದ ನೆಲ ಹಾಕಿಬಿಟ್ಟಿದೆ. ನಿಜವಾದ ಏರಿಕೆ ಅದರಲ್ಲಿ ಮುಚ್ಚಿಹೋಗಿದೆ.

ಲೆಕ್ಕ ನೋಡಿ. ಡಿಎನ್‌ಎ ಪಾಲನ್ನು 1 ಅಂದುಕೊಂಡರೆ ಕಂಟ್ರೋಲ್‌ನ ಒಟ್ಟು 2ರ ಘಾತ 0.5, ಅಂದರೆ 1.41, ಟಿಪಿಎಯದ್ದು 2ರ ಘಾತ 1.4, ಅಂದರೆ 2.64. ಡಿಎನ್‌ಎ ಕಳೆದರೆ ಆರ್‌ಎನ್‌ಎ ಪಾಲು 0.41 ಮತ್ತು 1.64. ನಿಮಗೆ ಕಂಡದ್ದು 1.9 ಪಟ್ಟು, ಒಳಗಿರುವುದು 4 ಪಟ್ಟು! ಆದರೆ ಈ ಕಳೆಯುವ ಲೆಕ್ಕವನ್ನು ವರದಿಗೆ ಹಾಕಬೇಡಿ. ಅರ್ಧ ಸೈಕಲ್‌ನ ಅಂತರದ ಮೇಲೆ ನಿಂತ ಸಂಖ್ಯೆ ಅದು, ಪಿಪೆಟ್ ಸ್ವಲ್ಪ ಅಲುಗಿದರೂ ತಲೆಕೆಳಗಾಗುತ್ತದೆ. ಡಿಎನ್‌ಏಸ್ ಮಾಡಿ, ಎಂಜೈಮ್ ಇಲ್ಲದ ಕಂಟ್ರೋಲ್ ಕನಿಷ್ಠ 7 ಸೈಕಲ್ ಹಿಂದೆ ಬೀಳುವವರೆಗೆ ಮುಂದೆ ಹೋಗಬೇಡಿ. ಬಿಝಡ್‌ಎಲ್‌ಎಫ್1ರಲ್ಲಿ ಮೂರು ಎಕ್ಸಾನ್‌ಗಳಿವೆ. ಗಡಿ ದಾಟುವ ಪ್ರೈಮರ್ ಸುಲಭವಾಗಿ ಸಿಗುತ್ತದೆ.

ಇನ್ನೊಂದು: ಪಕ್ಕದ ಜೀನ್ ಬಿಆರ್‌ಎಲ್‌ಎಫ್1ರ ಪ್ರೊಮೋಟರ್‌ನಿಂದ (ಜೀನ್ ಚಾಲೂ ಮಾಡುವ ಭಾಗ) ಹೊರಡುವ ಉದ್ದದ ಎಂಆರ್‌ಎನ್‌ಎಯಲ್ಲೂ ಬಿಝಡ್‌ಎಲ್‌ಎಫ್1 ಭಾಗವಿದೆ. ನಿಮ್ಮ ಪ್ರೈಮರ್ ಎರಡನ್ನೂ ಎಣಿಸುತ್ತಿರಬಹುದು. ಬಿಆರ್‌ಎಲ್‌ಎಫ್1ಕ್ಕೆ ಮಾತ್ರ ಸಲ್ಲುವ ಒಂದು ಜೋಡಿಯನ್ನೂ ಓಡಿಸಿ. ಜಿಎಪಿಡಿಎಚ್ ಒಂದನ್ನೇ ನಂಬುವುದೂ ಬೇಡ, ಎರಡು-ಮೂರು ಉಲ್ಲೇಖ ಜೀನ್ ಇರಲಿ.

ಬೇಲಿಕಳ್ಳಿ
ಜಿಪಿ350 ಬಗ್ಗೆ ಯಾರೂ ಹೇಳಲಿಲ್ಲ. ಅದು ರಾಜಿಯಲ್ಲಿ ಬರುವುದೇ ಇಲ್ಲ! ರಾಜಿಯ ವೈರಸ್‌ನಲ್ಲಿ ಬಿಎಎಲ್‌ಎಫ್2 ಜೀನ್ ಅಳಿದುಹೋಗಿದೆ. ಅದಿಲ್ಲದೆ ಲೈಟಿಕ್ (ವೈರಸ್ ಎದ್ದು ವೃದ್ಧಿಯಾಗುವ ಹಂತದ) ಡಿಎನ್‌ಎ ನಕಲು ನಡೆಯದು, ನಕಲಾಗದೆ ಜಿಪಿ350ಯಂಥ ತಡವಾದ ಜೀನ್‌ಗಳು ತೆರೆಯವು. ಎಷ್ಟು ಟಿಪಿಎ ಸುರಿದರೂ ಗಾಡಿ ಆರಂಭಿಕ ಆಂಟಿಜನ್ ನಿಲ್ದಾಣದಲ್ಲೇ ನಿಲ್ಲುತ್ತದೆ. ನೋಡಬೇಕಾದದ್ದು ಝೀಬ್ರಾ ಮತ್ತು ಇಎ-ಡಿ, ಅಂದರೆ ಬಿಎಂಆರ್‌ಎಫ್1. ಟಿಪಿಎಯ ನೇರ ಪರಿಣಾಮ ಕೇಳುವವರಿಗೆ ಇದು ಅನುಕೂಲವೇ: ಹೊಸ ವೈರಸ್ ಹುಟ್ಟಿ ಲೆಕ್ಕ ಕೆಡಿಸುವುದಿಲ್ಲ.

ನನ್ನ ನಿಜವಾದ ತಕರಾರು ಬ್ಯುಟಿರೇಟ್ ಬಗ್ಗೆ. ಟಿಪಿಎ ಡಯಾಸಿಲ್‌ಗ್ಲಿಸರಾಲ್‌ನ ವೇಷ ಹಾಕಿ ಪ್ರೋಟೀನ್ ಕೈನೇಸ್ ಸಿ ಅನ್ನು ಎಬ್ಬಿಸುತ್ತದೆ. ಅಲ್ಲಿಂದ ಫಾಸ್-ಜೂನ್ ಪ್ರೋಟೀನ್‌ಗಳ ಮೂಲಕ ಬಿಝಡ್‌ಎಲ್‌ಎಫ್1 ಪ್ರೊಮೋಟರ್ ತಲುಪುತ್ತದೆ. ಬ್ಯುಟಿರೇಟ್ ಹಿಸ್ಟೋನ್ ಡಿಅಸಿಟೈಲೇಸನ್ನು ತಡೆದು ಕ್ರೊಮ್ಯಾಟಿನ್ ಸಡಿಲಿಸುತ್ತದೆ. ಎರಡೂ ಸೇರಿದರೆ ಸಿಗ್ನಲ್ ಚೆಂದ ಬರುತ್ತದೆ, ಯಾವುದು ಏನು ಮಾಡಿತು ಅಂತ ಮಾತ್ರ ತಿಳಿಯುವುದಿಲ್ಲ. ಟಿಪಿಎಯಂಥ ಟ್ಯೂಮರ್ ಪ್ರೊಮೋಟರ್ (ಗೆಡ್ಡೆ ಬೆಳೆಯಲು ಉತ್ತೇಜಿಸುವ ವಸ್ತು) ಬಗ್ಗೆಯೇ ಪ್ರಶ್ನೆ ಇದ್ದರೆ ಪ್ಲೇಟ್‌ನಲ್ಲಿ ನಾಲ್ಕು ಬಾವಿ ಬೇಕು: ಡಿಎಂಎಸ್‌ಓ, ಟಿಪಿಎ, ಬ್ಯುಟಿರೇಟ್, ಎರಡೂ. 1978ರಲ್ಲಿ ಹೆರಾಲ್ಡ್ ಝುರ್ ಹೌಸೆನ್ ತಂಡ ವರದಿ ಮಾಡಿದ್ದೂ ಟಿಪಿಎಯ ಪರಿಣಾಮವನ್ನೇ.

ಐದನೆಯದಾಗಿ 4-ಆಲ್ಫಾ-ಟಿಪಿಎ. ಅಣು ಹೆಚ್ಚುಕಡಿಮೆ ಅದೇ, ಕೈನೇಸ್ ಸಿ ಮಾತ್ರ ಏಳುವುದಿಲ್ಲ. ಬದಲಿಗೆ 4-ಆಲ್ಫಾ ಡೈಡೆಕನೋಯೇಟ್ ಹಾಕುವವರಿದ್ದಾರೆ. ಅದು ಟಿಆರ್‌ಪಿವಿ4 ಅಯಾನ್ ಚಾನೆಲ್ ತೆರೆಯುತ್ತದೆ, ನಿಷ್ಕ್ರಿಯ ಅಂತ ಕಣ್ಣುಮುಚ್ಚಿ ನಂಬುವ ಹಾಗಿಲ್ಲ.

ಕೋಶಗಾರ
ಕೈನೇಸ್ ಸಿ ತಡೆಯಲು ಬಿಸ್‌ಇಂಡೋಲಿಲ್‌ಮಲೈಮೈಡ್ 1 ಇದೆ. ಟಿಪಿಎ ಹಾಕಿದ ಮರುದಿನ ಸೇರಿಸಿದೆ, ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ದಾರಿ ಬೇರೆಯೇ?

ಬೇಲಿಕಳ್ಳಿ
ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ. ಸಿಗ್ನಲ್ ದಾಟುವುದು ಮೊದಲ ನಿಮಿಷಗಳಲ್ಲಿ. ಜೊತೆಗೆ ಟಿಪಿಎ ಗಂಟೆಗಟ್ಟಲೆ ಇದ್ದರೆ ಕೋಶ ಕೈನೇಸ್ ಸಿಯನ್ನೇ ಒಡೆದು ಹಾಕುತ್ತದೆ. ಮರುದಿನ ತಡೆಯಲು ಅಲ್ಲಿ ಏನೂ ಹೆಚ್ಚು ಉಳಿದಿರುವುದಿಲ್ಲ. 1ರಿಂದ 5 ಮೈಕ್ರೋಮೋಲಾರ್, ಟಿಪಿಎಗೆ 30-60 ನಿಮಿಷ ಮೊದಲು. ತಡೆಕ ಮಾತ್ರ ಹಾಕಿದ ಬಾವಿಯೂ ಇರಲಿ. ಸ್ಟಾರೋಸ್ಪೊರಿನ್ ಬೇಡ, ಅದು ಸಿಕ್ಕಸಿಕ್ಕ ಕೈನೇಸನ್ನೆಲ್ಲ ತಡೆಯುತ್ತದೆ. ಸ್ಯಾಂಪಲ್‌ಗಳನ್ನು 4, 8, 24, 48 ಗಂಟೆಗೆ ತೆಗೆಯಿರಿ.

(ಬೇಲಿಕಳ್ಳಿ ಎಂಬ ನನ್ನ ಹೆಸರಿನ ಬಗ್ಗೆ: ನಮ್ಮ ಬೇಲಿಗಳಲ್ಲಿ ಬೆಳೆಯುವ ಕಡ್ಡಿಯಂಥ ಕಳ್ಳಿ, ಯೂಫೋರ್ಬಿಯಾ ತಿರುಕಳ್ಳಿ, ಇದರ ಹಾಲಿನಲ್ಲೂ ಫೋರ್ಬಾಲ್ ಜಾತಿಯ ಎಸ್ಟರ್‌ಗಳಿವೆ. ಆಫ್ರಿಕಾದ ಬರ್ಕಿಟ್ ಲಿಂಫೋಮಾ ಪ್ರದೇಶಗಳಲ್ಲಿ ಈ ಗಿಡದ ಮೇಲೆ ಸಂಶೋಧಕರ ಕಣ್ಣು ಬಿದ್ದದ್ದು ಇದಕ್ಕೇ.)

ಪಿಪೆಟ್‌ಪುರಾಣ
ವೆಸ್ಟರ್ನ್ ಮಸುಕಾಗಿರುವುದಕ್ಕೆ ಮತ್ತೊಂದು ಕಾರಣ: ಎಲ್ಲ ಕೋಶವೂ ಏಳುವುದಿಲ್ಲ. ಒಂದಿಷ್ಟು ಕೋಶ ಪೂರ್ತಿ ಎದ್ದು ಉಳಿದವು ಮಲಗಿಯೇ ಇದ್ದರೂ ಬ್ಲಾಟ್‌ನಲ್ಲಿ ಕಾಣುವುದು ಸರಾಸರಿ. ಝೀಬ್ರಾ ಆಂಟಿಬಾಡಿ ಹಾಕಿ ಫ್ಲೋ ಸೈಟೋಮೀಟರ್‌ನಲ್ಲಿ (ಕೋಶಗಳನ್ನು ಒಂದೊಂದಾಗಿ ಅಳೆಯುವ ಯಂತ್ರ) ಓಡಿಸಿದರೆ ಶೇಕಡಾವಾರು ಸಿಗುತ್ತದೆ. ವೈರಸ್ ಇಲ್ಲದ ಬಿಜೆಎಬಿ ಕೋಶವನ್ನು ಗೇಟ್ (ಎದ್ದ ಕೋಶ, ಮಲಗಿದ ಕೋಶದ ಗಡಿ) ಹಾಕಲು ಇಟ್ಟುಕೊಳ್ಳಿ. ಟಿಪಿಎ ಬಿದ್ದ ಮೇಲೆ ಕೋಶಗಳು ಗೊಂಚಲು ಕಟ್ಟುತ್ತವೆ, ಮೆಲ್ಲಗೆ ಬಿಡಿಸಿ ಎಣಿಸಿ, ಇಲ್ಲದಿದ್ದರೆ ಕಡಿಮೆ ಕೋಶ ಅಂದುಕೊಂಡು ಲೋಡ್ ತಪ್ಪುತ್ತೀರಿ.

ಕೋಶಗಾರ
ಮುಂದೆ ಬಿಝಡ್‌ಎಲ್‌ಎಫ್1 ಪ್ರೊಮೋಟರ್-ಲೂಸಿಫರೇಸ್ (ಪ್ರೊಮೋಟರ್‌ನ ಕೆಲಸವನ್ನು ಬೆಳಕಿನಿಂದ ಅಳೆಯುವ ಪರೀಕ್ಷೆ) ಮಾಡುವ ಯೋಚನೆ. ಹೋಲಿಕೆಗಿಡುವ ರೆನಿಲ್ಲಾ ಲೂಸಿಫರೇಸ್ ಸಿಎಂವಿ (ಸೈಟೋಮೆಗಾಲೋವೈರಸ್) ಪ್ರೊಮೋಟರ್ ಕೆಳಗಿದೆ, ಸಾಕಲ್ಲ?

ಸಿಟಿ_ಮೂವತ್ತೆರಡು
ಸಾಲದು. ಸಿಎಂವಿ ಪ್ರೊಮೋಟರ್‌ಗೇ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನ್ ಅಂಟುವ ತಾಣಗಳಿವೆ, ಟಿಪಿಎ ಅದನ್ನೂ ಏರಿಸುತ್ತದೆ. ಅದರಿಂದ ಭಾಗಿಸಿದರೆ ನಿಮ್ಮ ಏರಿಕೆಯನ್ನು ನೀವೇ ಅಳಿಸಿದಂತೆ. ಪ್ರೊಮೋಟರ್ ಇಲ್ಲದ ಲೂಸಿಫರೇಸ್ ಪ್ಲಾಸ್ಮಿಡ್ ಒಂದನ್ನು ಜೊತೆಗೆ ಓಡಿಸಿ, ಒಟ್ಟು ಪ್ರೋಟೀನ್‌ಗೆ ಹೊಂದಿಸಿ. ರೆನಿಲ್ಲಾ ಬೇಕೇಬೇಕು ಅಂದರೆ ಆ ಪ್ಲಾಸ್ಮಿಡ್ ಒಂದನ್ನೇ ಹಾಕಿದ ಕೋಶಕ್ಕೆ ಟಿಪಿಎ ಕೊಟ್ಟು, ಅದು ಕದಲುತ್ತದೆಯೇ ಅಂತ ಮೊದಲು ನೋಡಿ.