ಬಚ್ಚಲ ತೊಟ್ಟಿಯ ಮಸ್ಕಿ

“ಮಸ್ಕಿಗೆ ಹೋಗುವುದಾದರೆ ಇದೇ ಒಳ್ಳೆಯ ಕಾಲ,” ಎನ್ನುತ್ತಲೇ ರಂಗಣ್ಣ ಒಳಗೆ ಬಂದು ಬೂಟಿಗೆ ಅಂಟಿದ ಹಿಮವನ್ನು ಕಾಲೊರೆಸಿನ ಮೇಲೆ ಕೊಡವಿದರು. “ಬೇಸಿಗೆಯಲ್ಲಿ ರಾಯಚೂರು ಕಡೆಯ ಬಂಡೆಯ ಮೇಲೆ ಕಾಲಿಡಲು ಆಗುವುದಿಲ್ಲ. ಈಗ ಹೋದರೆ ಅಶೋಕನ ಶಾಸನ ನೋಡಿಕೊಂಡು ಜೋಳದ ರೊಟ್ಟಿ ತಿಂದು ಬರಬಹುದು. ಅವನ ಶಾಸನಗಳಲ್ಲಿ ‘ಅಶೋಕ’ ಎಂಬ ಹೆಸರೇ ಮೊದಲು ಸಿಕ್ಕಿದ್ದು ಅಲ್ಲಿ, 1915ರಲ್ಲಿ. ಟಿಕೆಟ್ ತೆಗೆಸಿದೆಯೇನು ವಾಸು?”

ಈ ಹಾಸ್ಯಕ್ಕೆ ಇದು ಮೂರನೆಯ ಚಳಿಗಾಲ. ವಾಸುವಿನ ಮಸ್ಕಿ ರಾಯಚೂರಿನದಲ್ಲ, ಅಮೆರಿಕದ ಪಿಟ್ಸ್‌ಬರ್ಗಿನ ಹೊಳೆಗಳಲ್ಲಿರುವ ಉದ್ದ ಮೂತಿಯ, ಬಾಯಿ ತುಂಬ ಹಲ್ಲಿನ ಮೀನು ಎಂದು ರಂಗಣ್ಣನಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೇಳುತ್ತಾರೆ. ವಾಸು ಎಂದಿನಂತೆ ನಗಲಿಲ್ಲ. ಅವನು ಊಟದ ಮೇಜಿನ ಮೇಲೆ, ಗಾಳಕ್ಕೆ ಕಟ್ಟುವ ಹತ್ತು ಅಂಗುಲದ ಮರದ ಮೀನೊಂದನ್ನು ಮಲಗಿಸಿಕೊಂಡು ಅದರ ಹೊಟ್ಟೆಗೆ ತೂತು ಕೊರೆಯುತ್ತಿದ್ದ. ಪಕ್ಕದಲ್ಲಿ ಸೀಸದ ತುಂಡುಗಳು, ಮೂರು ಮೊನೆಯ ಕೊಕ್ಕೆಗಳು, ಶೀಲ ಚಿನ್ನ ತೂಗಲೆಂದು ತರಿಸಿದ್ದ ಪುಟ್ಟ ತಕ್ಕಡಿ.

“ರಂಗಣ್ಣ, ಕೂರಲು ಜಾಗ ಹುಡುಕಿಕೊಳ್ಳಿ. ಕುರ್ಚಿ ಮುಟ್ಟುವ ಮುನ್ನ ಕೊಕ್ಕೆ ಇದೆಯೇ ನೋಡಿ,” ಎಂದು ಶೀಲ ಅಡಿಗೆಮನೆಯಿಂದ ಕೂಗಿದಳು. “ಹೋದ ವಾರ ಪ್ರಭಾಕರ ನೋಡದೆ ಕುಳಿತ.”

“ಹಿಡಿದು ಬಿಟ್ಟರಲ್ಲ, ಅದು ಸಮಾಧಾನ,” ಎಂದ ಪ್ರಭಾಕರ. ಅವನು ಈ ವಾರ ನಿಂತೇ ಇದ್ದ.

ರಂಗಣ್ಣ ಕುರ್ಚಿಯನ್ನು ಕೈಯಿಂದ ಸವರಿ ನೋಡಿ ಕುಳಿತರು. “ಅಲ್ಲಯ್ಯ, ಮೂರು ವರ್ಷದ ಹಿಂದೆ ಇದೇ ಮರದ ಮೀನಿಗೆ ಇದೇ ತೂತು ಕೊರೆಯುತ್ತಿದ್ದೆಯಲ್ಲ?”

“ಅದು ಬೇರೆ, ರಂಗಣ್ಣ. ಅದು ದೇವದಾರಿನದು. ಇದು ಮೇಪಲ್. ಅದರ ತೂಕ ಬೇರೆ, ಇದರ ತೂಕ ಬೇರೆ. ಈಗ ಶ್ರುತಿ ಮಾಡುತ್ತಿದ್ದೇನೆ.”

ಶ್ರುತಿ ಎಂಬ ಮಾತನ್ನು ಬಾಯಿಗೆ ತಂದದ್ದು ವಾಸುವಿನ ತಪ್ಪು. ಅವನು ಟ್ಯೂನಿಂಗ್ ಎಂದೇ ಹೇಳುವುದು. ಹಿಂದಿನ ದೀಪಾವಳಿಯಲ್ಲಿ ರಂಗಣ್ಣನೇ ಕನ್ನಡದಲ್ಲಿ ಹೇಳು ಎಂದು ಪೀಡಿಸಿ ಈ ಪದ ಕಲಿಸಿದ್ದರು. ಈಗ ಅದನ್ನೇ ಹಿಡಿದು ಜಗ್ಗಿದರು.

“ನಮ್ಮ ಊರಿನ ರಾಮನವಮಿಗೆ ಒಬ್ಬ ಭಾಗವತರು ಬರುತ್ತಿದ್ದರು. ತಂಬೂರಿಯ ಬಿರಡೆ ತಿರುಗಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ತಿರುಗಿಸುವುದು, ಮೀಟುವುದು, ಕಿವಿಗೊಡುವುದು, ಮುಖ ಕಿವುಚುವುದು, ಮತ್ತೆ ತಿರುಗಿಸುವುದು. ಪಾನಕ ಮುಗಿಯುತ್ತಿತ್ತು, ಕೋಸಂಬರಿ ಮುಗಿಯುತ್ತಿತ್ತು, ಜನ ಏಳುತ್ತಿದ್ದರು. ಅಷ್ಟರಲ್ಲಿ ಶ್ರುತಿ ಸೇರುತ್ತಿತ್ತು. ಭಾಗವತರು ಸಂತೋಷದಿಂದ ಮಂಗಳ ಹಾಡಿ ತಂಬೂರಿಗೆ ಗವಸು ಹಾಕುತ್ತಿದ್ದರು. ಈ ಮೂರು ಚಳಿಗಾಲದಲ್ಲಿ ನೀನು ಹೊಳೆಗೆ ಎಷ್ಟು ಸಲ ಹೋಗಿದ್ದೀಯ?”

“ನಾಲ್ಕು.”

“ಮೂರೂವರೆ,” ಎಂದಳು ಶೀಲ. “ಒಂದು ಸಲ ಹೈಲ್ಯಾಂಡ್ ಪಾರ್ಕ್ ಸೇತುವೆ ದಾಟುವ ಮೊದಲೇ ತಿರುಗಿಸಿಕೊಂಡು ಬಂದರು. ಕಣ್ಣಿನ ತಂತಿ ಸೊಟ್ಟಗಿದೆ ಎಂದು ಕಾರಿನಲ್ಲಿ ಹೊಳೆಯಿತಂತೆ.”

ವಾಸು ಮರದ ಮೀನಿನ ಮೂಗಿನಲ್ಲಿದ್ದ ತಂತಿಯ ಉಂಗುರವನ್ನು ತೋರಿಸಿದ. ದಾರ ಕಟ್ಟುವುದು ಅದಕ್ಕೆ. ಎಳೆದಾಗ ಮೀನು ಎಡಕ್ಕೆ ಸರಿದರೆ ಉಂಗುರವನ್ನು ಕೂದಲೆಳೆಯಷ್ಟು ಬಲಕ್ಕೆ ಬಗ್ಗಿಸಬೇಕು, ಬಲಕ್ಕೆ ಸರಿದರೆ ಎಡಕ್ಕೆ.

“ಎಡಕ್ಕೆ ಎಳೆಯುವ ಎತ್ತಿಗೆ ಬಲಗಡೆಯ ಹಗ್ಗ ಜಗ್ಗಿದಂತೆ,” ಎಂದರು ರಂಗಣ್ಣ. “ಅದು ಸರಿ. ಆದರೆ ನೀನು ಎಳೆದು ನೋಡುವುದು ಬಚ್ಚಲಿನ ತೊಟ್ಟಿಯಲ್ಲಿ. ಐದಡಿಯ ತೊಟ್ಟಿ. ಎಡಕ್ಕೆ ಸರಿಯಿತೋ, ಸೋಪಿನ ಡಬ್ಬಿ ಕಂಡು ಹೆದರಿತೋ, ಹೇಗೆ ಹೇಳುತ್ತೀಯ?”

ಪ್ರಭಾಕರನಿಗೆ ಇನ್ನು ತಡೆಯಲಾಗಲಿಲ್ಲ. ಅಂಕಿಗಳನ್ನು ಯಾರೂ ಕೇಳದೆ ಹೋದರೆ ಅವನಿಗೆ ಅಜೀರ್ಣವಾಗುತ್ತದೆ. “ಇದು ಸುಮ್ಮನೆ ಮೀನಲ್ಲ, ರಂಗಣ್ಣ. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಗುವ ಮೀನು ಎಂದೇ ಇದಕ್ಕೆ ಹೆಸರು. ಚಳಿಗಾಲದಲ್ಲಂತೂ ಅದು ಮೈ ಅಲುಗಿಸುವುದಿಲ್ಲ. ಅಣೆಕಟ್ಟಿನ ಕೆಳಗೆ, ಸೆಳವು ಸತ್ತ ಕಡೆ, ತಳದ ಹತ್ತಿರ ನಿಂತಿರುತ್ತದೆ. ಹುಸಿಮೀನು ಅದರ ಮೂತಿಯ ಮುಂದೆ ಬಂದು ಅಲ್ಲಿಯೇ ತೂಗಿಕೊಂಡು ನಿಲ್ಲಬೇಕು. ಮುಳುಗಲೂ ಬಾರದು, ಏಳಲೂ ಬಾರದು. ಆಗ ಮನಸ್ಸಾದರೆ ಬಾಯಿ ತೆರೆಯುತ್ತದೆ.”

“ಬಾಯಿ ತೆರೆದರೆ?”

“ನಲವತ್ತು ಅಂಗುಲಕ್ಕಿಂತ ಚಿಕ್ಕದಾದರೆ ಬಿಡಲೇಬೇಕು, ಇದು ಪೆನ್ಸಿಲ್ವೇನಿಯದ ಕಾನೂನು.”

“ದೊಡ್ಡದಾದರೆ?”

“ದೊಡ್ಡದಾದರೂ ಬಿಡುತ್ತೇವೆ,” ಎಂದ ವಾಸು ಹೆಮ್ಮೆಯಿಂದ. “ಅಳತೆ ತೆಗೆದು, ಫೋಟೋ ತೆಗೆದು ಬಿಡುವುದು.”

ರಂಗಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಶೀಲ ತಂದಿಟ್ಟ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎರಡು ಸಲ ಹೊಯ್ದರು. “ಮಸ್ಕಿಯ ಶಾಸನ ಬರೆಸಿದ ಅದೇ ಅಶೋಕ ಇನ್ನೊಂದು ಕಡೆ ಕಂಬದ ಮೇಲೆ ಬರೆಸಿದ್ದಾನೆ, ಇಂತಿಂಥ ಹುಣ್ಣಿಮೆಯ ದಿನಗಳಲ್ಲಿ ಮೀನು ಕೊಲ್ಲಬಾರದು, ಮಾರಬಾರದು ಎಂದು. ಮೀನುಗಾರಿಕೆ ಇಲಾಖೆಯ ಮೊದಲ ಸುತ್ತೋಲೆ ಅದೇ ಇರಬೇಕು. ಆ ಪುಣ್ಯಾತ್ಮನಿಗೂ, ಹಿಡಿಯಿರಿ, ಪಕ್ಕದಲ್ಲಿ ನಿಂತು ಚಿತ್ರ ಬರೆಸಿಕೊಳ್ಳಿ, ಆಮೇಲೆ ಬಿಡಿ ಎಂದು ಬರೆಸಲು ತೋಚಲಿಲ್ಲ. ಮೀನಿಗೆ ಅವಮಾನ, ನಿನಗೆ ನೆಗಡಿ, ಅಂಗಡಿಯವನಿಗೆ ದುಡ್ಡು.”

“ಅಂಗಡಿಯವನಿಗೆ ಎಲ್ಲಿಯ ದುಡ್ಡು? ಅದಕ್ಕೇ ಮನೆಯಲ್ಲಿ ಮಾಡುತ್ತಿರುವುದು,” ಎಂದ ವಾಸು.

ಇದಕ್ಕೆ ಶೀಲ ಅಡಿಗೆಮನೆಯಿಂದ ಹೊರಗೆ ಬಂದೇಬಿಟ್ಟಳು. ಬಣ್ಣದ ಮೇಲೆ ಎಪಾಕ್ಸಿ ಅಂಟು ಬಳಿದರೆ ಅದು ಇಳಿದು ಒಂದೇ ಕಡೆ ಗಡ್ಡೆ ಕಟ್ಟದಂತೆ ಒಣಗುವವರೆಗೂ ಮೀನನ್ನು ನಿಧಾನವಾಗಿ ತಿರುಗಿಸುತ್ತಲೇ ಇರಬೇಕು. ಮೊದಲ ವರ್ಷ ವಾಸು ಅದಕ್ಕೆಂದು ಅವಳ ದೋಸೆ ಹಿಟ್ಟಿನ ಗ್ರೈಂಡರಿಗೆ ಮೀನು ಕಟ್ಟಿದ್ದ. ನಿಧಾನ ಎಂಬುದನ್ನು ಗ್ರೈಂಡರಿಗೆ ಯಾರೂ ಹೇಳಿರಲಿಲ್ಲ. ಚಾವಣಿಯಲ್ಲಿ ಹಸಿರು ಮತ್ತು ಕಿತ್ತಳೆ ಚುಕ್ಕೆಗಳು ಇಂದಿಗೂ ಇವೆ. ಕೊಯಮತ್ತೂರಿನಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ ಗ್ರೈಂಡರ್ ಈಗ ಮೆಟ್ಟಿಲ ಕೆಳಗಿದೆ. ಎರಡು ವರ್ಷದಿಂದ ಮನೆಯಲ್ಲಿ ಅಂಗಡಿಯ ಹಿಟ್ಟಿನ ದೋಸೆ.

“ಕೊಬ್ಬರಿ ಎಣ್ಣೆಯ ಕತೆ ಹೇಳಿ,” ಎಂದಳು.

“ಅದು ಬೇಡ,” ಎಂದ ವಾಸು.

ಅದನ್ನು ಪ್ರಭಾಕರ ಹೇಳಿದ. ಕೊರೆಯುವ ಚಳಿಯಲ್ಲಿ ಗಾಳದ ಕೋಲಿನ ಬಳೆಗಳಲ್ಲಿ ನೀರು ಹೆಪ್ಪುಗಟ್ಟಿ ದಾರ ಓಡುವುದಿಲ್ಲ. ಇಲ್ಲಿಯವರು ಬಳೆಗಳಿಗೆ ಅಡಿಗೆ ಎಣ್ಣೆಯನ್ನೋ ತುಟಿಗೆ ಹಚ್ಚುವ ಮುಲಾಮನ್ನೋ ಸವರುತ್ತಾರೆ. ವಾಸು ಅಮ್ಮ ಕಳಿಸಿದ್ದ ಗಾಣದ ಕೊಬ್ಬರಿ ಎಣ್ಣೆ ಸವರಿದ. ಇಪ್ಪತ್ತನಾಲ್ಕು ಡಿಗ್ರಿಗೇ ಗಟ್ಟಿಯಾಗುವ ಎಣ್ಣೆ, ಸೊನ್ನೆಗಿಂತ ಕೆಳಗಿನ ಚಳಿ. ಮಂಜಿಗಿಂತ ಮೊದಲು ಎಣ್ಣೆಯೇ ಬಳೆ ಮುಚ್ಚಿತು. ಆ ಇಡೀ ದಿನ ವಾಸು ಅಲೆಘೆನಿ ಹೊಳೆಯ ದಡದಲ್ಲಿ ಕೋಲನ್ನು ಕಂಕುಳಲ್ಲಿ ಕಾಯಿಸಿಕೊಂಡು ನಿಂತಿದ್ದ.

“ಪರಿಮಳಕ್ಕೆ ಯಾವ ಮೀನೂ ಬರಲಿಲ್ಲವೇ?” ಎಂದರು ರಂಗಣ್ಣ. “ಕೇರಳದ ಕಡೆಯದಾದರೂ?”

ಮಾತು ಅಲ್ಲಿಂದ ದೊಡ್ಡ ಮೀನುಗಳ ಕಡೆಗೆ ಹೊರಳಿತು. ಜಗತ್ತಿನ ಅತಿ ದೊಡ್ಡ ಮಸ್ಕಿ ಯಾವುದೆಂದು ಇನ್ನೂ ಜಗಳವಿದೆಯೆಂದು ಪ್ರಭಾಕರ ಹೇಳಿದ. ಎರಡೂ ವಿಸ್ಕಾನ್ಸಿನ್ ರಾಜ್ಯದಲ್ಲಿ, ಎರಡೂ 1949ರಲ್ಲಿ ಸಿಕ್ಕವು. ಜುಲೈಯಲ್ಲಿ ಕ್ಯಾಲ್ ಜಾನ್ಸನ್ ಹಿಡಿದದ್ದು 67 ಪೌಂಡ್ 8 ಔನ್ಸ್, ಅಕ್ಟೋಬರಿನಲ್ಲಿ ಲೂಯಿ ಸ್ಪ್ರೇ ಹಿಡಿದದ್ದು 69 ಪೌಂಡ್ 11 ಔನ್ಸ್. ಒಂದು ಸಂಸ್ಥೆ ಇವನದು ಎನ್ನುತ್ತದೆ, ಇನ್ನೊಂದು ಅವನದು ಎನ್ನುತ್ತದೆ. ಹಳೆಯ ಫೋಟೋಗಳನ್ನು ಅಳೆದು ಅಳೆದು ಎರಡೂ ಸುಳ್ಳು ಎನ್ನುವವರೂ ಇದ್ದಾರೆ. ಅದೇ ರಾಜ್ಯದ ಹೇವರ್ಡ್ ಎಂಬ ಊರಿನಲ್ಲಿ 143 ಅಡಿ ಉದ್ದದ ಫೈಬರ್ ಗ್ಲಾಸಿನ ಮಸ್ಕಿ ಕಟ್ಟಿದ್ದಾರೆ, ಮೆಟ್ಟಿಲು ಹತ್ತಿ ಅದರ ಬಾಯಿಯೊಳಗೆ ನಿಂತು ಕೈಬೀಸಬಹುದು.

“ವಾಸುವನ್ನು ಅಲ್ಲಿಗೆ ಕರೆದುಕೊಂಡು ಹೋಗಮ್ಮ ಶೀಲ,” ಎಂದರು ರಂಗಣ್ಣ. “ಅಮೆರಿಕದಲ್ಲಿ ಖಂಡಿತವಾಗಿ ಸಿಗುವ ಮಸ್ಕಿ ಅದೊಂದೇ. ಅದಕ್ಕೆ ಶ್ರುತಿಯೂ ಬೇಡ.” ಕಾಫಿ ಲೋಟ ಕೆಳಗಿಟ್ಟರು. “ಅರವತ್ತೊಂಬತ್ತು ಪೌಂಡಿಗೆ ಎಪ್ಪತ್ತು ವರ್ಷ ದಾಟಿದ ಜಗಳವೇ? 1946ರಲ್ಲಿ ನಮ್ಮ ಕಬಿನಿಯಲ್ಲಿ ವ್ಯಾನ್ ಇಂಗೆನ್ ಹಿಡಿದ ಮಶೀರ್ ಮೀನು ಎಷ್ಟಿತ್ತು ಗೊತ್ತೇ ಪ್ರಭಾಕರ?”

“ನೂರ ಇಪ್ಪತ್ತು ಪೌಂಡ್,” ಎಂದ ಪ್ರಭಾಕರ ತಲೆ ತಗ್ಗಿಸಿ. ಗೊತ್ತಿದ್ದ ಅಂಕಿಯನ್ನು ಬೇರೆಯವರು ಮೊದಲು ಎತ್ತಿದರೆ ಅವನಿಗೆ ಹಾಗಾಗುತ್ತದೆ.

“ಮೈಸೂರಿನಲ್ಲಿ ಹುಲಿಯ ಚರ್ಮ ಹದ ಮಾಡುತ್ತಿದ್ದ ಮನೆತನ. ಆತ ಏನು ಕಟ್ಟಿ ಹಿಡಿದನೋ, ಅದು ನನಗೆ ಬೇಡ. ನಮ್ಮ ಕಡೆ ಆ ಮೀನಿಗೆ ಕಟ್ಟುತ್ತಿದ್ದದ್ದು ರಾಗಿ. ಬರೀ ರಾಗಿ ಹಿಟ್ಟಿನ ಮುದ್ದೆ! ಮೇಪಲ್ ಇಲ್ಲ, ಸೀಸ ಇಲ್ಲ, ಎಪಾಕ್ಸಿ ಇಲ್ಲ. ಸಿಗಲಿಲ್ಲವೋ, ಉಳಿದ ಮುದ್ದೆಯನ್ನು ಸಾರಿನಲ್ಲಿ ಅದ್ದಿ ತಿಂದು ಮಲಗು. ನಿನ್ನ ಮೀನನ್ನು ತಿನ್ನಲು ಆಗುತ್ತದೆಯೇ?”

ಎಲ್ಲರೂ ನಕ್ಕರು. ವಾಸುವೂ ನಕ್ಕ. ರಂಗಣ್ಣ ಮಾತ್ರ ಮುಂದುವರಿಸಿದರು, ಯಾರಿಗೆ ಹೇಳುತ್ತಿದ್ದಾರೆ ಎಂಬುದು ಅಷ್ಟು ಸ್ಪಷ್ಟವಿಲ್ಲದ ದನಿಯಲ್ಲಿ.

“ನರಸೀಪುರದಲ್ಲಿ ಕಬಿನಿ ಕಾವೇರಿಗೆ ಸೇರುವ ಕಡೆ ಅಪ್ಪ ಕೂರುತ್ತಿದ್ದ. ಮೂರನೆಯದೊಂದು ನದಿ ಕಣ್ಣಿಗೆ ಕಾಣದೆ ಅಡಿಯಲ್ಲಿ ಬಂದು ಸೇರುತ್ತದೆ ಎನ್ನುತ್ತಾರಲ್ಲ. ಈ ಊರಿಗೆ ಬಂದ ಹೊಸದರಲ್ಲಿ ಇಲ್ಲಿಯ ಸಂಗಮ ನೋಡಲು ಹೋದಾಗ, ಅಲ್ಲಿರುವ ಕಾರಂಜಿಯ ನೀರು ಹೊಳೆಯದಲ್ಲ, ನೆಲದಡಿಯ ಹರಿವಿನದು ಎಂದು ಯಾರೋ ಹೇಳಿದರು. ಸಾಯಂಕಾಲದವರೆಗೂ ಅಲ್ಲಿಯೇ ಕುಳಿತಿದ್ದೆ. ಅಪ್ಪ ಬಲು ನಿಧಾನದ ಮನುಷ್ಯ. ರಾಗಿ ಬೇಯಿಸಿ ನಾದುವುದಕ್ಕೇ ಅರ್ಧ ಬೆಳಗು. ಕೈಗೆ ಅಂಟಬಾರದು, ಕೊಕ್ಕೆ ಬಿಡಬಾರದು, ನೀರಿನಲ್ಲಿ ಕರಗಬಾರದು, ಕಲ್ಲಾಗಲೂ ಬಾರದು. ಒಂದು ಉಂಡೆ ಮಾಡಿ ಚೊಂಬಿನಲ್ಲಿ ಬಿಟ್ಟು ನೋಡುತ್ತಾ ಕೂರುವನು. ಸರಿಯಿಲ್ಲ ಎನ್ನುವನು. ಮತ್ತೆ ನಾದುವನು. ಇನ್ನೊಂದು ಉಂಡೆ, ಮತ್ತೆ ಚೊಂಬು. ನಾನು ಪಕ್ಕದಲ್ಲಿ ಹಸಿದು ಕುಳಿತಿರುತ್ತಿದ್ದೆ. ಈಗ ಅಲ್ಲಿ ಆ ಮೀನು ಹುಡುಕಿದರೂ ಇಲ್ಲವಂತೆ. ಆ ಜಾತಿಯೇ ಅಳಿವಿನ ಅಂಚಿಗೆ ಬಂದಿದೆಯಂತೆ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

“ಹಾಗಾದರೆ ನಿಮ್ಮ ತಂದೆಯವರು ಮಾಡುತ್ತಿದ್ದದ್ದೂ ಶ್ರುತಿಯೇ,” ಎಂದಳು ಶೀಲ.

ರಂಗಣ್ಣ ಉತ್ತರ ಕೊಡಲು ಬಾಯಿ ತೆರೆದವರು ಹಾಗೇ ನಿಂತರು. ಮಾತು ಸಿಗದೆ ನಿಂತರೆಂದು ಪ್ರಭಾಕರ ತಿಳಿದ. ಹಾಗಲ್ಲ. ನಲವತ್ತು ವರ್ಷ ಉಕ್ಕಿನ ಲೆಕ್ಕ ಹಾಕಿದ ತಲೆಯಲ್ಲಿ ಬೇರೇನೋ ಕದಲಿತ್ತು.

“ಚೊಂಬಿನಲ್ಲಿ ಇರುತ್ತಿದ್ದದ್ದು ಹೊಳೆಯ ನೀರು,” ಎಂದರು ನಿಧಾನವಾಗಿ. “ಮನೆಯ ನೀರಿನಲ್ಲಿ ಅಪ್ಪ ಎಂದೂ ನೋಡಿದವನಲ್ಲ. ಅಲ್ಲೇ ಮೊಗೆಯುತ್ತಿದ್ದ. ವಾಸು, ನಿನ್ನ ತೊಟ್ಟಿಯ ನೀರು ಎಷ್ಟು ಬಿಸಿ?”

“ಸ್ನಾನದಷ್ಟು. ಗಂಟೆಗಟ್ಟಲೆ ಕೈ ಅದ್ದಿಕೊಂಡು ಕೂರಬೇಕಲ್ಲ, ತಣ್ಣೀರಿನಲ್ಲಿ ಬೆರಳು ಸೆಟೆದುಕೊಳ್ಳುತ್ತದೆ.”

“ಆಮೇಲೆ ಅದರಲ್ಲೇ ಸ್ನಾನವನ್ನೂ ಮುಗಿಸುತ್ತಾರೆ,” ಎಂದಳು ಶೀಲ.

“ಹೊಳೆಯ ನೀರು ಎಷ್ಟು ತಣ್ಣಗೆ?”

“ಮೂರೋ ನಾಲ್ಕೋ ಡಿಗ್ರಿ.”

“ಅಯ್ಯೋ ಮಂಕೇ! ನೀರು ಎಲ್ಲಕ್ಕಿಂತ ಭಾರವಾಗಿರುವುದೇ ನಾಲ್ಕು ಡಿಗ್ರಿಯಲ್ಲಿ. ಬಿಸಿನೀರು ಹಗುರ. ಬಿಸಿನೀರಿನಲ್ಲಿ ತೂಗಿಕೊಂಡು ನಿಂತ ನಿನ್ನ ಮೀನು ಹೊಳೆಯಲ್ಲಿ ನಿಲ್ಲುವುದಿಲ್ಲ, ಮೇಲಕ್ಕೆ ಏಳುತ್ತದೆ. ಮಸ್ಕಿ ಕೆಳಗೆ ಬಾಯಿ ತೆರೆದು ಕಾದಿದೆ, ನಿನ್ನ ಮೀನು ವೈಕುಂಠಕ್ಕೆ ಹೊರಟಿದೆ. ಮೂರು ವರ್ಷ ನೀನು ಶ್ರುತಿ ಸೇರಿಸಿದ್ದು ಗೀಸರಿಗೆ!”

ಪ್ರಭಾಕರ ಆಗಲೇ ಕಾಗದದ ಕೈಚೌಕದ ಮೇಲೆ ಲೆಕ್ಕ ಹಾಕುತ್ತಿದ್ದ. “ನೂರೈವತ್ತು ಗ್ರಾಂ ತೂಕದ ಮೀನಿಗೆ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸ ಬರುತ್ತದೆ,” ಎಂದ.

“ಅಷ್ಟೇ ತಾನೆ?” ಎಂದಳು ಶೀಲ.

ಮೂವರು ಗಂಡಸರೂ ಅವಳ ಕಡೆಗೆ ತಿರುಗಿ ನೋಡಿದರು.

ಆಮೇಲೆ ನಡೆದದ್ದನ್ನು ಶೀಲ ಈಗಲೂ ಫೋನಿನಲ್ಲಿ ಎಲ್ಲರಿಗೂ ಹೇಳುತ್ತಾಳೆ. ಬಿಸಿನೀರನ್ನು ಹೊರಗೆ ಬಿಟ್ಟರು. ತಣ್ಣೀರು ತುಂಬಿದರು. ಪ್ರಭಾಕರ ಹಿತ್ತಲಿನಿಂದ ಬಕೆಟ್ಟಿನಲ್ಲಿ ಹಿಮ ತಂದು ಸುರಿದ, ಇನ್ನೊಂದು ಬಕೆಟ್, ಮತ್ತೊಂದು. ಬಚ್ಚಲಿನ ತುಂಬ ಬೂಟಿನ ಕೆಸರು. ಮಗುವಿಗೆ ಜ್ವರ ನೋಡುವ ಥರ್ಮಾಮೀಟರನ್ನು ರಂಗಣ್ಣ ನೀರಿಗೆ ಅದ್ದಿದರು. ಅದು ಅಷ್ಟು ಚಳಿಯನ್ನು ಜ್ವರವೆಂದು ಒಪ್ಪದೆ ಆರಿಹೋಯಿತು. ಹಿಮದ ತುಂಡುಗಳನ್ನು ಒಂದು ಬದಿಗೆ ಸರಿಸಿ, ಮೂರು ಜನ ಮಂಡಿಯೂರಿ, ಹಳೆಯ ದೇವದಾರಿನ ಮೀನನ್ನು ಕೊಕ್ಕೆ ಸಮೇತ ನೀರಿನೊಳಗೆ ಹಿಡಿದು ಬಿಟ್ಟರು.

ಅದು ಒಂದು ಕ್ಷಣ ನಿಂತಿತು. ಆಮೇಲೆ, ಯಾರೋ ಕರೆದಂತೆ, ಮೆಲ್ಲಗೆ ಮೇಲೆ ಬಂತು.

“ನೋಡಿದೆಯಾ,” ಎಂದರು ರಂಗಣ್ಣ. ಆ ದನಿಯಲ್ಲಿ ಹಾಸ್ಯವಿರಲಿಲ್ಲ.

ವಾಸು ಬೆಸುಗೆಯ ತಂತಿ ತಂದ. ಅದನ್ನು ಕೊಕ್ಕೆಯ ಕಾಂಡಕ್ಕೆ ಸುತ್ತಿದರೆ ತೂಕ ಬರುತ್ತದೆ. ರಂಗಣ್ಣ ಅವನ ಕೈಯಿಂದ ಕಸಿದುಕೊಂಡು ತಾವೇ ಸುತ್ತಿದರು. ಮೀನು ಮುಳುಗಿತು. ಒಂದು ಸುತ್ತು ಬಿಚ್ಚಿ ಕತ್ತರಿಸಿದರು. ಆಗಲೂ ಮುಳುಗಿತು. ಅರ್ಧ ಸುತ್ತು. ಕೈ ಕೆಂಪಾಗಿತ್ತು, ಸ್ವೆಟರಿನ ತೋಳು ಮೊಣಕೈವರೆಗೆ ನೆನೆದಿತ್ತು. “ಬಿಸಿ ಕಾಫಿ ಕೊಡಲೇ ರಂಗಣ್ಣ?” ಎಂದರೆ ಕೇಳಿಸಲಿಲ್ಲ. “ಸರಿಯಿಲ್ಲ,” ಎಂದರು. ಮತ್ತೆ ಚಿವುಟಿದರು.

“ನಾಳೆ ಬೆಳಗ್ಗೆ ಎಲ್ಲರೂ ಹೊಳೆಗೆ ಹೋಗೋಣವೇ?” ಎಂದ ಪ್ರಭಾಕರ.

“ನಾಳೆ ಹೇಗೆ ಆಗುತ್ತದೆ?” ಎಂದರು ರಂಗಣ್ಣನೂ ವಾಸುವೂ ಒಟ್ಟಿಗೆ.

ಒಂಬತ್ತು ಗಂಟೆಗೆ ಪುಟ್ಟಿ ಹೆಗಲಿಗೆ ಟವೆಲ್ ಹಾಕಿಕೊಂಡು ಬಚ್ಚಲಿನ ಬಾಗಿಲಿಗೆ ಬಂದಳು. ತೊಟ್ಟಿಯ ತುಂಬ ಹಿಮ, ಅದರ ನಡುವೆ ಮೂರು ತಲೆಗಳು ಒಂದಕ್ಕೊಂದು ತಾಗಿಕೊಂಡು ಬಗ್ಗಿದ್ದವು. ನೀರಿನೊಳಗೆ ಹಸಿರು ಮೀನೊಂದು ಮುಳುಗದೆ, ಏಳದೆ ನಿಂತಿತ್ತು.

“ತಾತ, ನನ್ನ ಸ್ನಾನ?”

“ಶ್!” ಎಂದರು ರಂಗಣ್ಣ, ತಲೆ ಎತ್ತದೆ.